ಬಹುಮಹಡಿ ಕಟ್ಟಡಗಳ ನಕ್ಷೆಯನ್ನು ಡಿಜಿಟಲ್ ಮಾದರಿಯಲ್ಲಿ ಪಡೆದು ತಪಾಸಣೆ ಮಾಡಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಬಳ್ಳಾರಿ.

ಇವರಿಂದ,
ಬಡಾವಣೆಯ ನಿವಾಸಿಗಳು, ಬಳ್ಳಾರಿ.

ವಿಷಯ: ಅಪಾರ್ಟ್‌ಮೆಂಟ್, ಕಲ್ಯಾಣ ಮಂಟಪ, ನರ್ಸಿಂಗ್ ಹೋಂಗಳ ಪರವಾನಗಿಗೆ ಕಟ್ಟಡದ ಡಿಜಿಟಲ್ ಮಾದರಿ ಕಡ್ಡಾಯಗೊಳಿಸುವ ಕುರಿತು.

ಮಾನ್ಯರೇ,

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಿಂದ, ಉಸಿರು ಕಟ್ಟಿ ಒದ್ದಾಡುತ್ತಿದ್ದ ಹಿರಿಯರೊಬ್ಬರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಆಂಬುಲೆನ್ಸಿನವರು ತಂದ ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ಹೊರಳಲೇ ಇಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ನಾಲ್ಕು ಜನ ಹಿಡಿದು, ಮೊಣಕೈಗಳನ್ನು ಗೋಡೆಗೆ ತರಚಿಕೊಳ್ಳುತ್ತ ಇಳಿಸಿದೆವು. ದೇವರ ದಯೆ, ಅವರು ಉಳಿದರು. ಮರುವಾರ ನಾವೇ ಟೇಪು ಹಿಡಿದು ಅಳೆದೆವು. ಮೆಟ್ಟಿಲಿನ ಅಗಲ 2 ಅಡಿ 9 ಇಂಚು. ಮಂಜೂರಾದ ನಕ್ಷೆಯಲ್ಲಿ ಇದ್ದದ್ದು 1.25 ಮೀಟರ್, ಅಂದರೆ ನಾಲ್ಕು ಅಡಿಗೂ ಮಿಗಿಲು. ಕಳೆದುಹೋದ ಅಗಲವನ್ನು ಕಟ್ಟಿಸಿದವರು ಪಕ್ಕದ ಫ್ಲ್ಯಾಟಿನ ಅಡುಗೆಮನೆಗೆ ಸೇರಿಸಿಬಿಟ್ಟಿದ್ದರು. ಅಲ್ಲಿ ಮನೆ ಕೊಂಡವರಿಗೆ ಇದು ಗೊತ್ತೇ ಇರಲಿಲ್ಲ.

ಆ ದಿನದಿಂದ ನಾವು ಕೆಲವರು ಕೂತು ಈ ವಿಷಯವನ್ನು ತಿಳಿದುಕೊಂಡಿದ್ದೇವೆ. ಈಗ ಸಲ್ಲಿಸುವ ನಕ್ಷೆ ಗೆರೆಗಳ ಚಿತ್ರ. ಡಿಜಿಟಲ್ ಮಾದರಿಯಲ್ಲಿ ಗೋಡೆ, ಬಾಗಿಲು, ಮೆಟ್ಟಿಲು ಒಂದೊಂದೂ ತನ್ನ ಅಳತೆ, ಎತ್ತರ, ಬಳಕೆಯ ವಿವರ ಹೊತ್ತ ಪ್ರತ್ಯೇಕ ವಸ್ತು. ತಂತ್ರಾಂಶ ಅವನ್ನು ಒಂದೊಂದಾಗಿ ಕಟ್ಟಡ ನಿಯಮಗಳ (ಉಪವಿಧಿ) ಎದುರು ಇಟ್ಟು ನೋಡುತ್ತದೆ. ಮಹಡಿಯ ಎತ್ತರ 3 ಮೀಟರ್, ಮೆಟ್ಟಿಲು 14 ಎಂದುಕೊಳ್ಳಿ. ಒಂದು ಮೆಟ್ಟಿಲಿಗೆ ಸುಮಾರು 214 ಮಿಲಿಮೀಟರ್ ಎತ್ತರ ಬರುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಸತಿ ಕಟ್ಟಡಕ್ಕೆ ಹೇಳುವ ಮಿತಿ 190. ನೆಲನಕ್ಷೆ ಒಂದು ಹಾಳೆಯಲ್ಲಿ, ಎತ್ತರ ತೋರಿಸುವ ಸೆಕ್ಷನ್ ಇನ್ನೊಂದು ಹಾಳೆಯಲ್ಲಿ ಇರುವಾಗ ಎಂಥ ಅನುಭವಿ ಎಂಜಿನಿಯರರ ಕಣ್ಣಿಗೂ ಇದು ತಪ್ಪಬಹುದು. ಮಾದರಿಯಲ್ಲಿ ಎರಡೂ ಒಂದೇ ಕಡತದಲ್ಲಿರುವುದರಿಂದ ತಂತ್ರಾಂಶ ತಕ್ಷಣ ಕೆಂಪು ಗುರುತು ಹಾಕುತ್ತದೆ. ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕಿನೊಳಗೆ ಚಾಚಿದ ಸಜ್ಜಾ, ಇಳಿಜಾರು ಹೆಚ್ಚಾದ ರ‍್ಯಾಂಪು, ಇವೂ ಹಾಗೆಯೇ ಸಿಕ್ಕಿಬೀಳುತ್ತವೆ.

ಸಿಂಗಾಪುರದಲ್ಲಿ 1995ರಲ್ಲೇ ಕಟ್ಟಡ ಅನುಮತಿಯ ಕೆಲಸವನ್ನು ಕಂಪ್ಯೂಟರಿಗೆ ತರುವ ಕೋರ್‌ನೆಟ್ ಯೋಜನೆ ಶುರುವಾಗಿ, ಮುಂದೆ ಇ-ಪ್ಲಾನ್‌ಚೆಕ್ ಹೆಸರಿನಲ್ಲಿ ಮಾದರಿಗಳ ತಪಾಸಣೆ ನಡೆಯಿತು. 2023ರ ಡಿಸೆಂಬರ್‌ನಲ್ಲಿ ಅದರ ಹೊಸ ರೂಪ ಕೋರ್‌ನೆಟ್ ಎಕ್ಸ್ ಬಂದಿದೆ. ಅಲ್ಲಿಯೂ ಇದು ಸಲೀಸಾಗಿ ಆಗಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕು. ಕಡತಕ್ಕೆ ಗೋಡೆ ಗೊತ್ತು, ಬೆಂಕಿ ಬಿದ್ದಾಗ ಓಡಿಹೋಗುವ ದಾರಿ ಯಾವುದೆಂದು ಗೊತ್ತಿಲ್ಲ. ಅದನ್ನು ಲೆಕ್ಕ ಹಾಕಿ ತೆಗೆಯಲು ಫೋರ್ನ್ಯಾಕ್ಸ್ ಎಂಬ ಬೇರೆಯೇ ತಂತ್ರಾಂಶವನ್ನು ಅವರು ಜೋಡಿಸಬೇಕಾಯಿತು.

ಆದ್ದರಿಂದ ಎಂಜಿನಿಯರರನ್ನು ಬದಿಗಿಡಿ ಎಂದು ನಾವು ಖಂಡಿತ ಕೇಳುತ್ತಿಲ್ಲ. ಮಲಗುವ ಕೋಣೆಗೆ 'ಸ್ಟೋರ್' ಎಂದು ಹೆಸರು ಕೊಟ್ಟರೆ ಯಂತ್ರ ಕಿಟಕಿಯನ್ನು ಕೇಳುವುದಿಲ್ಲ. ಒಣ ಬಿಸಿ ಹವೆಯ ಊರುಗಳಲ್ಲಿ ವಾಸದ ಕೋಣೆಯ ನೆಲದ ಹತ್ತರಲ್ಲಿ ಒಂದು ಪಾಲಾದರೂ ಕಿಟಕಿ ತೆರವು ಇರಬೇಕೆಂಬ ನಿಯಮ ಇಲ್ಲಿ ಹಾಳೆಯ ಮೇಲಿನ ಮಾತಲ್ಲ. ನಮ್ಮ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಗಾಳಿಯಾಡದ ಕೋಣೆಯಲ್ಲಿ ಕೂಸು ಮಲಗಿಸಿದವರಿಗೆ ಅದರ ಬೆಲೆ ಗೊತ್ತು. ಇಂಥ ಕಳ್ಳಹೆಸರುಗಳನ್ನು ಹಿಡಿಯಲು ಅನುಭವದ ಕಣ್ಣೇ ಬೇಕು. ಗೆರೆ ಎಣಿಸುವ ಕೆಲಸ ಯಂತ್ರಕ್ಕೆ ಹೋದರೆ ಅವರಿಗೆ ಸ್ಥಳಕ್ಕೆ ಬರಲು ಸಮಯ ಸಿಗುತ್ತದೆ.

ನಮ್ಮ ಕೋರಿಕೆ ಇಷ್ಟು. ಮೊದಲು ಒಂದೆರಡು ವಾರ್ಡುಗಳಲ್ಲಿ, ಮೇಲೆ ಹೇಳಿದ ದೊಡ್ಡ ಕಟ್ಟಡಗಳಿಗೆ ಮಾತ್ರ ಇದನ್ನು ಪ್ರಯೋಗವಾಗಿ ಜಾರಿಗೆ ತನ್ನಿ. ಮೂವತ್ತು-ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಸ್ವಂತ ಮನೆ ಕಟ್ಟುವವರ ಮೇಲೆ ಈ ಖರ್ಚು ಹೇರಬೇಡಿ. ಮಾದರಿಯನ್ನು ಐಎಫ್‌ಸಿ ಎಂಬ ಮುಕ್ತ ನಮೂನೆಯಲ್ಲೇ ಪಡೆಯಿರಿ, ಯಾವುದೋ ಒಂದು ಕಂಪನಿಯ ತಂತ್ರಾಂಶ ಕೊಳ್ಳಲೇಬೇಕಾದ ಸ್ಥಿತಿ ಬರಬಾರದು. ಯಂತ್ರಕ್ಕೆ ಯಾವ ನಿಯಮವನ್ನು ಹೇಗೆ ಕಲಿಸಲಾಗಿದೆ ಎಂಬ ಪಟ್ಟಿ ಕನ್ನಡದಲ್ಲಿ ಎಲ್ಲರಿಗೂ ಸಿಗಲಿ.

ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕಟ್ಟಿದ ಮೇಲಿನ ತಪಾಸಣೆ. ನಮ್ಮ ಓಣಿಯ ಆ ನಕ್ಷೆ ಯಾವ ತಂತ್ರಾಂಶದಲ್ಲಿ ಹಾಕಿದ್ದರೂ ಪಾಸಾಗುತ್ತಿತ್ತು. ಬುನಾದಿ ಮುಗಿದಾಗ, ಪ್ರತಿ ಮಹಡಿಯ ಛಾವಣಿ ಹಾಕಿದಾಗ, ಸ್ವಾಧೀನಾನುಭವ ಪತ್ರ ಕೊಡುವ ಮುನ್ನ ಸ್ಥಳದ ಅಳತೆಯನ್ನು ಅದೇ ಮಾದರಿಗೆ ಹೋಲಿಸಿ, ವ್ಯತ್ಯಾಸವನ್ನು ಕಡತದಲ್ಲಿ ದಾಖಲಿಸಬೇಕು. ಕಟ್ಟುವಷ್ಟು ದಿನವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು, ಪೂರ್ಣಗೊಂಡ ಪ್ರಮಾಣಪತ್ರವಿಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಆದೇಶಿಸಿದೆ. ಆ ನಕ್ಷೆಯ ಪಕ್ಕದಲ್ಲೇ ತಪಾಸಣೆಯ ಫಲಿತಾಂಶದ ಹಾಳೆಯನ್ನೂ ಅಂಟಿಸಲು ದಯವಿಟ್ಟು ಸೂಚಿಸಿ.

ಈ ಕುರಿತು ಚರ್ಚಿಸಲು ತಾವು ಹೇಳಿದ ದಿನ ನಾವು ಬರಲು ಸಿದ್ಧರಿದ್ದೇವೆ. ಮೆಟ್ಟಿಲಿನ ಅಳತೆಯ ಫೋಟೋಗಳನ್ನೂ ನಿವಾಸಿಗಳ ಸಹಿಗಳನ್ನೂ ಲಗತ್ತಿಸಿದ್ದೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು
ಸ್ಥಳ: ಬಳ್ಳಾರಿ