ತಂಗಿಗೆ, ಬಾಯಿ ಹುಣ್ಣಿನ ಬಗ್ಗೆ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಫೋಟೋ ನೋಡಿದೆ. ಕೆಳತುಟಿಯ ಒಳಗೆ ಹಳದಿ ಬೆರೆತ ಬಿಳಿ ಗುಳಿ, ಸುತ್ತ ಕೆಂಪು ಉಂಗುರ. ನೋಡೋಕೆ ಚಿಕ್ಕದು, ಆದರೆ ಎಷ್ಟು ಉರಿಯುತ್ತದೆ ಅಂತ ನನಗೆ ಗೊತ್ತು. ಮುಟ್ಟಿನ ಹಿಂದಿನ ವಾರವೇ ಏಳುತ್ತದೆ ಅಂತ ಹೇಳಿದ್ದಕ್ಕೆ ಡಾಕ್ಟರು "ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿಬಿಟ್ಟರು ಅಂದೆಯಲ್ಲ, ಓದಿ ತುಂಬಾ ಬೇಜಾರಾಯಿತು. ನೀನು ಗಮನಿಸಿದ್ದು ಸುಳ್ಳಲ್ಲ. ಕೆಲವು ಹೆಂಗಸರಿಗೆ ಹಾಗೇ ಬರುತ್ತದೆ. ಬಸುರಿಯಾದಾಗ ಹುಣ್ಣು ನಿಂತೇ ಹೋದವರೂ ಇದ್ದಾರೆ.

ಇಲ್ಲಿ ಲ್ಯಾಬಿನಲ್ಲಿ ನಾನು ದಿನವೂ ನೋಡುವುದು ಇದನ್ನೇ. ಇಂಥ ಹುಣ್ಣಾಗುವವರ ಜೊಲ್ಲನ್ನು ಸಣ್ಣ ಟ್ಯೂಬಿಗೆ ಹಿಡಿದು ಐಸ್ ಮೇಲೆ ಇಡುತ್ತೇವೆ. ಆಮೇಲೆ ಒಂದು ಆಸಿಡ್ ಬೆರೆಸಿ ಕಾಯಿಸಿದರೆ ಮೆಲ್ಲಗೆ ಗುಲಾಬಿ ಬಣ್ಣ ಏರುತ್ತದೆ. ಬಣ್ಣ ಗಾಢವಾದಷ್ಟೂ ಮ್ಯಾಲಾನ್‌ಡೈಆಲ್ಡಿಹೈಡ್ ಜಾಸ್ತಿ. ಜೀವಕೋಶದ ಹೊದಿಕೆಯಲ್ಲಿರುವ ಕೊಬ್ಬು ಕೆಟ್ಟಾಗ ಹುಟ್ಟುವ ವಸ್ತು ಅದು. ಕೆಡಿಸುವುದು ಆಕ್ಸಿಜನ್‌ನಿಂದ ಹುಟ್ಟುವ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳು. ಅವು ಎಲ್ಲರ ಮೈಯಲ್ಲೂ ಇರುತ್ತವೆ, ಅವುಗಳನ್ನು ತಣ್ಣಗಾಗಿಸುವ ಕಿಣ್ವಗಳೂ ಇರುತ್ತವೆ. ಈ ತೂಕ ತಪ್ಪಿದರೆ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ. ಮನಸ್ಸಿನ ಟೆನ್ಷನ್ನೇ ಬೇರೆ, ಈ ಸ್ಟ್ರೆಸ್ಸೇ ಬೇರೆ. ಪದೇ ಪದೇ ಹುಣ್ಣಾಗುವವರ ರಕ್ತದಲ್ಲಿ ಇದು ಜಾಸ್ತಿ ಇರುವುದನ್ನು ಹಲವರು ಕಂಡಿದ್ದಾರೆ.

ಇಲ್ಲೊಂದು ತೊಡಕಿದೆ. ಜೊಲ್ಲನ್ನು ಇವುಗಳಿಂದ ಕಾಪಾಡುವುದರಲ್ಲಿ ಯೂರಿಕ್ ಆಸಿಡ್‌ನದು ದೊಡ್ಡ ಪಾಲು. ಅದು ಸಾಮಾನ್ಯವಾಗಿ ಗಂಡಸರಲ್ಲೇ ಜಾಸ್ತಿ. ಹೆಂಗಸರಲ್ಲಿ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಕೂಡ ಕಾಪಾಡುತ್ತದೆ, ಆದರೆ ಅದು ತಿಂಗಳಿಡೀ ಏರಿಳಿಯುತ್ತದೆ. ಇಬ್ಬರ ಜೊಲ್ಲನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಅದು ಯಾರ ಕಥೆ ಆಗುತ್ತದೆ ಹೇಳು? ನಿನ್ನದೂ ಅಲ್ಲ, ಅಣ್ಣನದೂ ಅಲ್ಲ. ಸಿಗರೇಟು ಸೇದುವವರಿಗೆ ಈ ಹುಣ್ಣು ಕಡಿಮೆ, ಹಾಗಾಗಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಂಗಸರನ್ನು ಬೇರೆಯಾಗಿ, ತಿಂಗಳ ಯಾವ ದಿನ ಅಂತ ಬರೆದಿಟ್ಟುಕೊಂಡೇ ಅಳೆಯಬೇಕು ಅಂತ ನಾನು ಇಲ್ಲಿ ಹಟ ಹಿಡಿದಿದ್ದೇನೆ.

ಹಾಗಂತ ಇವುಗಳನ್ನು ತಣಿಸುತ್ತದೆ ಅನ್ನುವ ಆಂಟಿಆಕ್ಸಿಡೆಂಟ್ ಮಾತ್ರೆ ತಂದು ನುಂಗಬೇಡ. ಹುಣ್ಣಾದ ಕಡೆ ಉರಿಯೂತದಿಂದಲೂ ಫ್ರೀ ರ್‍ಯಾಡಿಕಲ್ ಹುಟ್ಟುತ್ತವೆ. ಹುಣ್ಣಿಂದ ಅದೋ, ಅದರಿಂದ ಹುಣ್ಣೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಮೊದಲು ಕಬ್ಬಿಣಾಂಶ, ಬಿ12, ಫೋಲೇಟ್ ವಿಟಮಿನ್‌ಗಳ ರಕ್ತಪರೀಕ್ಷೆ ಮಾಡಿಸು. ನಿನಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಲ್ವಾ, ಕಬ್ಬಿಣ ಕಡಿಮೆಯಾದರೂ ಇಂಥ ಹುಣ್ಣು ಬರುತ್ತದೆ. ಟೂತ್‌ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇದ್ದರೆ ಬದಲಾಯಿಸಿ ನೋಡು. ಅಮ್ಮನಿಗೆ ಹೇಳು, ಇದು ಅಂಟುಜಾಡ್ಯ ಅಲ್ಲ. ಸಣ್ಣ ಹುಣ್ಣು 7ರಿಂದ 14 ದಿನದಲ್ಲಿ ಮಾಯುತ್ತದೆ. 3 ವಾರ ದಾಟಿದರೆ ಮಾತ್ರ ಸುಮ್ಮನಿರಬೇಡ, ಬೇರೆ ಡಾಕ್ಟರಿಗೆ ತೋರಿಸು.

ಇವತ್ತಿನಿಂದ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕು, ಮುಟ್ಟಾದ ದಿನ ಒಂದು, ಹುಣ್ಣು ಚುರುಗುಟ್ಟಲು ಶುರುವಾದ ದಿನ ಒಂದು. ಮುಂದಿನ ಫೋಟೋದಲ್ಲಿ ಪಕ್ಕಕ್ಕೆ ಸ್ಕೇಲ್ ಹಿಡಿ, ಅಳತೆ ನೋಡಬೇಕು.

ನಿನ್ನ ಅಕ್ಕ