ತಿಂಗಳ ಪತ್ರದಲ್ಲಿ ಇನ್ನು ‘ಸರಾಸರಿ ಸೆಂಟ್ಸ್ ದರ’ ಇರುವುದಿಲ್ಲ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಪ್ರತಿ ತಿಂಗಳ ಮೊದಲ ವಾರ ಕುಂದಾಪುರದ ಜಾಗ, ಮನೆಗಳ ದರದ ಪತ್ರ ನಮ್ಮ ಬ್ರೋಕರ್ ಆಫೀಸಿನಿಂದ ನಿಮ್ಮ ವಾಟ್ಸ್ಆ್ಯಪ್‌ಗೆ ಬರುತ್ತದೆ. ಎಲ್ಲರೂ ಮೊದಲು ನೋಡುವುದು ಮೇಲಿನ ದಪ್ಪ ಅಕ್ಷರದ ಸಾಲನ್ನು: ಈ ತಿಂಗಳ ಸರಾಸರಿ, ಸೆಂಟ್ಸಿಗೆ (ಎಕರೆಯ ನೂರರಲ್ಲೊಂದು ಪಾಲಿಗೆ) ಇಷ್ಟು. ಈ ತಿಂಗಳಿಂದ ಆ ಸಾಲನ್ನು ತೆಗೆದಿದ್ದೇವೆ.

ನಮ್ಮದು ಸಣ್ಣ ಊರು. ತಿಂಗಳಿಗೆ ನಮ್ಮ ಕೈಯಲ್ಲಿ ಆಗುವ ವ್ಯವಹಾರ ಬೆರಳಲ್ಲಿ ಎಣಿಸುವಷ್ಟು. ಒಂದೇ ಅಳತೆಯ ಐದು ಜಾಗ ಮಾರಾಟವಾಯ್ತು ಅಂದ್ಕೊಳ್ಳಿ. ಒಳರಸ್ತೆಯ ನಾಲ್ಕು ಜಾಗ ಸೆಂಟ್ಸಿಗೆ 4 ಲಕ್ಷದ ಹಾಗೆ, ಹೈವೇ ಬದಿಯ ಒಂದು 12 ಲಕ್ಷದ ಹಾಗೆ. ಸರಾಸರಿ 5.6 ಲಕ್ಷ. ಆ ದರಕ್ಕೆ ಮಾರಿದವರೂ ಇಲ್ಲ, ತೆಗೆದುಕೊಂಡವರೂ ಇಲ್ಲ. ಆದರೆ ಮರುದಿನ ವಡೇರಹೋಬಳಿಯಿಂದ ತಲ್ಲೂರಿನ ತನಕ ಎಲ್ಲರೂ ಹೇಳುವುದು ಅದೇ ದರ.

ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ನಮ್ಮ ಹಳೇ ಗ್ರಾಹಕರೊಬ್ಬರು ಅಜ್ಜನ ಕಾಲದ ಹಂಚಿನ ಮನೆ ಮಾರಲು ಹೊರಟಿದ್ದರು. ಒಳ್ಳೆ ಪಾರ್ಟಿಯೇ ಬಂದಿತ್ತು. “ನಿಮ್ಮ ಪತ್ರದಲ್ಲೇ ಜಾಸ್ತಿ ಇದೆಯಲ್ಲ ಮಾರಾಯ್ರೆ” ಅಂತ ನಮ್ಮ ಗ್ರಾಹಕರೇ ಆ ಪಾರ್ಟಿಯನ್ನು ಬಿಟ್ಟುಬಿಟ್ಟರು. ಎರಡು ಮಳೆಗಾಲ ಹೋಯಿತು. ಹಂಚಿನ ಕೆಳಗಿನ ರೀಪು ಗೆದ್ದಲು ಹಿಡಿದು ಅಡುಗೆಮನೆಯ ಮಾಡು ಕುಸಿಯಿತು. ಕೊನೆಗೆ ಮೊದಲು ಬಂದ ದರಕ್ಕಿಂತ ಕಡಿಮೆಗೇ ಕೊಟ್ಟರು. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇನ್ನು ಮುಂದೆ ನಾವು ಮಾಡಿಸಿದ ಒಂದೊಂದು ವ್ಯವಹಾರವನ್ನೂ ಬೇರೆ ಬೇರೆಯಾಗಿ ಬರೆಯುತ್ತೇವೆ. ಎಷ್ಟು ಸೆಂಟ್ಸ್, ಲಾರಿ ಹೋಗುವ ರಸ್ತೆಯೋ ಅಲ್ಲವೋ, ಮಾರುವವರು ಹೇಳಿದ್ದೆಷ್ಟು, ಕುದುರಿದ್ದೆಷ್ಟು, ಎಷ್ಟು ತಿಂಗಳು ಹಿಡಿಯಿತು. ಹೆಸರು ಇರುವುದಿಲ್ಲ. ಇ-ಖಾತೆ ಇದೆಯೋ ಇಲ್ಲವೋ ಅನ್ನುವುದೂ ಇರುತ್ತದೆ. ಕೃಷಿ ಜಮೀನು ಬಿಟ್ಟು ಉಳಿದದ್ದು ಅದಿಲ್ಲದೆ ಈಗ ರಿಜಿಸ್ಟರ್ ಆಗುವುದಿಲ್ಲ, ಗೊತ್ತಲ್ವಾ.

ಬಾವಿ ನೀರಿಗೂ ಒಂದು ಕಾಲಂ ಇದೆ. ಕೋಡಿ ಕಡೆಯ ಒಂದು ಮನೆಯನ್ನು ಡಿಸೆಂಬರಿನಲ್ಲಿ ತೋರಿಸಿದ್ದೆವು. ನೀರು ಎಳನೀರಿನ ಹಾಗಿತ್ತು. ಏಪ್ರಿಲ್‌ನಲ್ಲಿ ಮನೆ ಕೊಂಡವರು ಕರೆದು ಚಾ ಕೊಟ್ಟರು. ಒಂದು ಗುಟುಕಿಗೇ ಗೊತ್ತಾಯಿತು, ಉಪ್ಪು. ಅವರು ಏನೂ ಹೇಳದೆ ನಮ್ಮ ಮುಖವನ್ನೇ ನೋಡುತ್ತಿದ್ದರು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಕುಡಿದು ನೋಡದ ಬಾವಿಯ ಮುಂದೆ ‘ನೋಡಿಲ್ಲ’ ಅಂತಲೇ ಬರೆಯುತ್ತೇವೆ.

ಇನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಂದರ ಬದಲು ಒಂದೇ ಪತ್ರ. ಆಸಾಡಿಯಲ್ಲಿ ಅಗ್ರಿಮೆಂಟ್ ಮಾಡುವವರು ಕಡಿಮೆ, ಪಿತೃಪಕ್ಷದಲ್ಲೂ ಹಾಗೆಯೇ. ಪುಟ ತುಂಬಲಿ ಅಂತ ಆಗೆಲ್ಲ ಹಳೇ ವ್ಯವಹಾರಗಳನ್ನೇ ಹಾಕುತ್ತಿದ್ದೆವು. ಅದೂ ನಿಲ್ಲುತ್ತದೆ. ಆದರೆ ಜಾಗ ನೋಡುವುದನ್ನು ನಿಲ್ಲಿಸಬೇಡಿ. ಜುಲೈಯಲ್ಲಿ ಕೊಡೆ ಹಿಡಿದು ಬನ್ನಿ. ಎಲ್ಲಿ ನೀರು ನಿಲ್ಲುತ್ತದೆ, ಪಕ್ಕದ ತೋಡು ಎಲ್ಲಿಯವರೆಗೆ ಉಕ್ಕುತ್ತದೆ, ಎಲ್ಲ ಆಗಲೇ ಕಾಣುವುದು.

ಖರ್ಚಿನ ಲೆಕ್ಕವನ್ನೂ ತಿದ್ದಿದ್ದೇವೆ. 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಶುಲ್ಕ 1%ರಿಂದ 2% ಆಗಿದೆ. ಪೇಟೆಯಲ್ಲಿ 50 ಲಕ್ಷದ ಮನೆಗೆ ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ಮೊದಲು 3.30 ಲಕ್ಷ ಆಗುತ್ತಿತ್ತು, ಈಗ 3.80 ಲಕ್ಷ. ನಮ್ಮ ಹಳೇ ಪತ್ರ ಇಟ್ಟುಕೊಂಡು ಬಜೆಟ್ ಹಾಕಿದವರು ದಯವಿಟ್ಟು ಇನ್ನೊಮ್ಮೆ ಕೂಡಿಸಿ ನೋಡಿ. ಕಾಗದದಲ್ಲಿ ಕಡಿಮೆ ತೋರಿಸಿ ಇದನ್ನು ಉಳಿಸಬಹುದಾ ಅಂತ ಕೇಳುವವರಿದ್ದಾರೆ. ಅಂಥ ವ್ಯವಹಾರ ನಾವು ಮಾಡಿಸುವುದಿಲ್ಲ.

ನಿಮ್ಮ ಜಾಗಕ್ಕೆ ಎಷ್ಟು ಸಿಗಬಹುದು ಅಂತ ತಿಳಿಯಬೇಕಿದ್ದರೆ ಪಹಣಿ ಅಥವಾ ಖಾತೆಯ ಪ್ರತಿ ಹಿಡಿದುಕೊಂಡು ಆಫೀಸಿಗೆ ಬನ್ನಿ. ಜಾಗ ನೋಡಿ ಹೇಳುತ್ತೇವೆ, ಅದಕ್ಕೆ ಹಣ ಇಲ್ಲ. ಭಾನುವಾರ ಮಧ್ಯಾಹ್ನದ ತನಕ ಇರುತ್ತೇವೆ. ಊರಿಗೆ ಬಂದವರು ಬಸ್ ಹತ್ತುವ ಮುಂಚೆ ಬಂದು ಹೋಗಬಹುದು.

ಇಂತಿ,
ಶಾಸ್ತ್ರಿ ಸರ್ಕಲ್ ಹತ್ತಿರದ ನಿಮ್ಮ ಆಫೀಸಿನವರು