ಹನ್ನೊಂದು ದಿನ ನಮ್ಮ ಸ್ಯಾಂಪಲ್‌ಗಳನ್ನು ಸಾಕಿದವರಿಗೆ

ಮೊನ್ನೆ ಭಾನುವಾರ ಶಿವಮೊಗ್ಗದಲ್ಲಿ ನಡೆದ ನಮ್ಮ ಘಟಕದ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ನನ್ನನ್ನು ಕರೆದು, "ನಾಲ್ಕು ಮಾತಾಡಿ" ಎಂದರು. ಎದ್ದು ನಿಂತೆ. ಎರಡನೆಯ ಮಾತಿಗೇ ಗಂಟಲು ಕಟ್ಟಿತು, ಕೂತುಬಿಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಮಾತಿಗಿಂತ ಹೆಚ್ಚಾದರೆ ಸಹಿಸಿಕೊಳ್ಳಿ.

ಮೊದಲು ತಪ್ಪೊಪ್ಪಿಗೆ. ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯ ಆಸ್ಪತ್ರೆಗಳ ಲ್ಯಾಬ್ ನಡೆಸುವವರೆಲ್ಲ ಸೇರಿ ಕಟ್ಟಿಕೊಂಡಿರುವ ಈ ಘಟಕಕ್ಕೆ ನಾನು ಆರು ವರ್ಷ ಚಂದಾ ಕಟ್ಟಿದ್ದೇನೆ, ಬಂದದ್ದು ಮೂರೇ ಸಭೆಗೆ. ಮನೆಯಲ್ಲಿ ಇದಕ್ಕೆ 'ಕಾಫಿ-ಮಿಕ್ಸ್ಚರ್ ಸಂಘ' ಎಂದು ಹೆಸರಿಟ್ಟಿದ್ದೆ. ಯಾವುದೋ ಕಂಪನಿಯ ಪ್ರತಿನಿಧಿ ಬಂದು ಹೊಸ ಯಂತ್ರದ ಗುಣಗಾನ ಮಾಡುವುದು, ನಾವು ತಲೆಯಾಡಿಸಿ ಊಟ ಮುಗಿಸಿ ಏಳುವುದು. ಇಷ್ಟಕ್ಕಾಗಿ ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬೇಕೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈ ಮಾತು ನಿಮ್ಮಲ್ಲಿ ಕೆಲವರ ಕಿವಿಗೂ ಬಿದ್ದಿತ್ತೆಂದು ಈಗ ಗೊತ್ತಾಗಿದೆ. ಬಿದ್ದಿದ್ದೂ ನೀವು ಮಾಡಿದ್ದನ್ನು ಮಾಡಿದಿರಿ.

ಕಳೆದ ಜುಲೈನ ಆ ರಾತ್ರಿ ಮಳೆಗೆ ಮರ ಬಿದ್ದು, ತಂತಿಗೆ ತಂತಿ ತಾಗಿ, ವೋಲ್ಟೇಜ್ ಒಮ್ಮೆಲೇ ಏರಿತು. ನಮ್ಮ ಲ್ಯಾಬಿನಲ್ಲಿ ರಕ್ತದ ಸಕ್ಕರೆ, ಲವಣಗಳನ್ನೆಲ್ಲ ಅಳೆಯುವ ಬಯೋಕೆಮಿಸ್ಟ್ರಿ ಅನಲೈಸರ್‌ನ ಬೋರ್ಡು ಸುಟ್ಟ ವಾಸನೆ ಕಾರಿಡಾರಿನವರೆಗೂ ಬಂದಿತ್ತು. ಅದರ ಯುಪಿಎಸ್ ಬದಲಿಸಬೇಕೆಂದು ಏಪ್ರಿಲ್‌ನಲ್ಲೇ ನಾನೇ ಬರೆದಿಟ್ಟಿದ್ದೆ, ನಾನೇ ಮುಂದೂಡಿದ್ದೆ. ರಕ್ತಕಣ ಎಣಿಸುವ ಯಂತ್ರ ಬೇರೆ ಯುಪಿಎಸ್ ಮೇಲಿದ್ದದ್ದರಿಂದ ಉಳಿಯಿತು. ಡೆಂಗಿ ರೋಗಿಗಳ ಪ್ಲೇಟ್‌ಲೆಟ್ ಲೆಕ್ಕಕ್ಕೆ ತೊಂದರೆಯಾಗಲಿಲ್ಲ. ಆದರೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಕಾಮಾಲೆ ಅಳೆಯುವ ಬಿಲಿರುಬಿನ್, ಲವಣಗಳಾದ ಸೋಡಿಯಂ, ಪೊಟ್ಯಾಸಿಯಂ ಎಲ್ಲವೂ ನಿಂತವು. ಅದೂ ಇಲಿ ಜ್ವರದ ಕಾಲದಲ್ಲಿ. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡಿದವರು ಜ್ವರ, ಕಾಮಾಲೆ ಎಂದು ಬಂದಾಗ ಮೂತ್ರಪಿಂಡ ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ ಎಂದು ತಿಳಿಯದೆ ವೈದ್ಯರು ಹೆಜ್ಜೆ ಇಡುವುದಾದರೂ ಹೇಗೆ? ಎಂಜಿನಿಯರ್ ಮಂಗಳೂರಿನ ಕಡೆಯಿಂದ ಬರಬೇಕು, ಘಾಟಿಯಲ್ಲಿ ಮಣ್ಣು ಕುಸಿದಿತ್ತು. ಬೋರ್ಡು ಎಲ್ಲಿಂದ ಬರಬೇಕೋ ಅದು ಕಂಪನಿಗೂ ಖಚಿತವಿರಲಿಲ್ಲ.

ಇಂಥ ಹೊತ್ತಿಗೆಂದೇ ನಮ್ಮಲ್ಲಿ ಒಂದು ದಾಖಲೆ ಇತ್ತು. ಐಎಸ್‌ಒ 15189, ಅಂದರೆ ವೈದ್ಯಕೀಯ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಗುಣಮಟ್ಟ ನಿಯಮಾವಳಿಯ 2022ರ ಆವೃತ್ತಿ ತುರ್ತು ಸಿದ್ಧತೆಗೆ ಪ್ರತ್ಯೇಕ ಭಾಗವನ್ನೇ ಇಟ್ಟಿದೆ. ಅದನ್ನು ಓದಿ ಆರು ಪುಟದ ಯೋಜನೆ ಬರೆದು, ಸಹಿ ಹಾಕಿ, ಫೈಲಿನಲ್ಲಿ ಇಟ್ಟಿದ್ದೆವು. ಆ ರಾತ್ರಿ ಟಾರ್ಚ್ ಹಿಡಿದು ತೆಗೆದು ನೋಡಿದರೆ, 'ಸ್ಯಾಂಪಲ್‌ಗಳನ್ನು ಸಮೀಪದ ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು' ಎಂದಿದೆ. ಸಮೀಪದ್ದು ಯಾವುದು, ಫೋನ್ ಎತ್ತುವವರು ಯಾರು, ಯಾವ ಬಸ್ಸು, ಒಂದೂ ಇಲ್ಲ. ಬರೆದವಳು ನಾನೇ.

ರಾತ್ರಿ ಹತ್ತೂವರೆಗೆ ಘಟಕದ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ನನ್ನ ಹಾಜರಿ ಎಷ್ಟು ಎಂದು ಅವರು ಕೇಳಲಿಲ್ಲ. ದಿನಕ್ಕೆ ಎಷ್ಟು ಸ್ಯಾಂಪಲ್, ರಕ್ತವನ್ನು ಗಿರಗಿರ ತಿರುಗಿಸಿ ಕಣ ಬೇರ್ಪಡಿಸುವ ಸೆಂಟ್ರಿಫ್ಯೂಜ್ ನಡೆಯುತ್ತಿದೆಯೇ ಎಂದು ಎರಡೇ ಪ್ರಶ್ನೆ. ಹನ್ನೊಂದೂಕಾಲಿಗೆ ಅವರೇ ಮರಳಿ ಫೋನ್ ಮಾಡಿ, ಬೆಳಗಿನ ಸ್ಯಾಂಪಲ್ ಶಿವಮೊಗ್ಗಕ್ಕೆ, ಮಧ್ಯಾಹ್ನದ ತುರ್ತಿನವು ಕೊಪ್ಪಕ್ಕೆ ಎಂದು ಹೇಳಿ ಇಟ್ಟರು. ಸಾರ್, ಅಂದು ನಿಮಗೆ ಸರಿಯಾಗಿ ಧನ್ಯವಾದ ಹೇಳಿದೆನೋ ಇಲ್ಲವೋ ನೆನಪಿಲ್ಲ. ಈಗ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ನಮ್ಮ ಹುಡುಗ ರಕ್ತದ ಟ್ಯೂಬುಗಳನ್ನು ಹಾಗೆಯೇ ಮಂಜುಗಡ್ಡೆಯ ಮೇಲೆ ಜೋಡಿಸುತ್ತಿದ್ದ. ನಾನೂ ಸರಿ ಎಂದೇ ಭಾವಿಸಿದ್ದೆ, ನಿದ್ದೆಗೆಟ್ಟ ತಲೆ. ಅಷ್ಟರಲ್ಲಿ ಶಿವಮೊಗ್ಗದ ಹಿರಿಯರ ಫೋನ್ ಬಂತು. "ತಂಗಿ, ತಿರುಗಿಸದೆ ತಣ್ಣಗೆ ಮಾಡಬೇಡ" ಎಂದರು. ಕೆಂಪು ಕಣಗಳ ಒಳಗಿನ ಪೊಟ್ಯಾಸಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದನ್ನು ಒಳಗೇ ಹಿಡಿದಿಡುವ ಕಣದ ಪೊರೆಯ ಪಂಪು ಚಳಿಗೆ ಮರಗಟ್ಟಿದರೆ ಪೊಟ್ಯಾಸಿಯಂ ಸೋರಿ ಸೀರಂಗೆ, ಅಂದರೆ ನಾವು ಅಳೆಯುವ ತಿಳಿ ದ್ರವಕ್ಕೆ, ಬರುತ್ತದೆ, ಆರೋಗ್ಯವಂತನ ವರದಿಯೂ ಗಾಬರಿ ಹುಟ್ಟಿಸುತ್ತದೆ. ಓದುವಾಗ ಕಲಿತದ್ದೇ, ಪರೀಕ್ಷೆಯಲ್ಲಿ ಬರೆದದ್ದೇ. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬನ್ನೂ ನೆಚ್ಚಿ ಕೂರಬೇಡ, ಫ್ಲೋರೈಡ್ ಇದ್ದರೂ ಮೊದಲ ಒಂದೆರಡು ಗಂಟೆ ಸಕ್ಕರೆ ಇಳಿಯುತ್ತಲೇ ಇರುತ್ತದೆ, ಅದರ ಪ್ಲಾಸ್ಮಾವನ್ನೂ ಬೇರೆ ಮಾಡಿಯೇ ಕಳಿಸು ಎಂದರು. ಅಂದಿನಿಂದ ಎಲ್ಲವನ್ನೂ ಇಲ್ಲೇ ತಿರುಗಿಸಿ, ಸೀರಂ ಬೇರ್ಪಡಿಸಿ, ಸಣ್ಣ ಶೀಶೆಗಳಿಗೆ ಹಾಕಿ, ಹತ್ತಿ ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಟ್ಟು ಕಳಿಸಿದೆವು.

ಕಂಡಕ್ಟರ್ ಕೈಗೆ ಕೊಟ್ಟು ಕಳಿಸುವ ಸಾಮಾನಲ್ಲ ಅದು. ಹಾಗಾಗಿ ನಮ್ಮ ಇಬ್ಬರು ಟೆಕ್ನಿಷಿಯನ್ನರು ಸರದಿಯ ಮೇಲೆ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹನ್ನೊಂದು ದಿನ ಓಡಾಡಿದರು. ಮಂಡಗದ್ದೆ, ಗಾಜನೂರು ದಾಟುವಾಗ ತುಂಗೆ ರಸ್ತೆಗೇ ಬರುತ್ತಾಳೇನೋ ಎನ್ನುವ ಹಾಗೆ ಹರಿಯುತ್ತಿದ್ದಳಂತೆ. ಒಮ್ಮೆ ಬಸ್ಸು ಕೆಟ್ಟಾಗ ಒಬ್ಬ ಅಡಿಕೆ ವ್ಯಾಪಾರಿಯ ಜೀಪು ಹತ್ತಿಕೊಂಡು ಹೋದದ್ದನ್ನು ನನಗೆ ಹೇಳಿದ್ದು ವಾರದ ಮೇಲೆ. ಈ ಇಬ್ಬರ ಸಂಬಳ ಎಷ್ಟು ಎಂದು ಇಲ್ಲಿ ಬರೆದರೆ ಓದುವವರಿಗೆ ನಾಚಿಕೆಯಾಗುತ್ತದೆ, ಬಿಡಿ. ಆ ದಿನಗಳ ರಜೆಯನ್ನು ಅವರಿಗೆ ಕೊಡಿಸಿದ್ದೇನೆ. ಭತ್ಯೆ ಇನ್ನೂ ಬಂದಿಲ್ಲ, ಬೆನ್ನು ಹತ್ತಿದ್ದೇನೆ.

ಶಿವಮೊಗ್ಗದ ಲ್ಯಾಬಿನ ರಾತ್ರಿ ಪಾಳಿಯ ಹುಡುಗಿಗೆ ಪ್ರತ್ಯೇಕ ನಮಸ್ಕಾರ. ಆರನೆಯ ದಿನ ರಾತ್ರಿ ನಮ್ಮ ಒಬ್ಬ ರೋಗಿಯ ಪೊಟ್ಯಾಸಿಯಂ ಅಪಾಯದ ಗೆರೆ ದಾಟಿತ್ತು. ವರದಿ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಆಕೆ ನಮ್ಮ ವಾರ್ಡಿಗೇ ಫೋನ್ ಮಾಡಿ, ಸಿಸ್ಟರ್ ಬರೆದುಕೊಂಡದ್ದನ್ನು ಮರಳಿ ಓದಿಸಿಕೊಂಡು, ಸಮಯ ನಮೂದಿಸಿ, ಹತ್ತು ನಿಮಿಷದ ಮೇಲೆ ಮತ್ತೆ ಫೋನ್ ಮಾಡಿ "ಡಾಕ್ಟರು ಬಂದರಾ?" ಎಂದು ಕೇಳಿದ್ದಾಳೆ. ಆ ರೋಗಿ ಈಗ ತೋಟದ ಕೆಲಸದಲ್ಲಿದ್ದಾರೆ. ಅವರ ರಕ್ತ ನೋಡಿದವರು ಯಾರೆಂದು ಅವರಿಗೆ ತಿಳಿದಿಲ್ಲ. ನಮ್ಮ ಕಸುಬೇ ಹೀಗೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ನನಗೇನೋ ಆ ಸಮಾಧಾನ ಅಷ್ಟಾಗಿ ಒಗ್ಗುವುದಿಲ್ಲ.

ಹನ್ನೊಂದನೆಯ ದಿನ ಬೋರ್ಡು ಬಂತು, ಯಂತ್ರ ಎದ್ದಿತು. ಪ್ರಮಾಣ ಗೊತ್ತಿರುವ ಕ್ಯಾಲಿಬ್ರೇಟರ್ ಹಾಕಿ ಯಂತ್ರಕ್ಕೆ ಅಳತೆ ಕಲಿಸಿದೆವು, ಅದು ಸರಿಯಾಗಿ ಕಲಿತಿದೆಯೇ ಎಂದು ನೋಡಲು ಪ್ರಮಾಣ ಗೊತ್ತಿರುವ ಇನ್ನೊಂದು ಮಾದರಿಯನ್ನು, ಅಂದರೆ ಕಂಟ್ರೋಲ್, ಓಡಿಸಿದೆವು. ಗ್ರಾಫಿನಲ್ಲಿ ಚುಕ್ಕೆಗಳು ನಡುಗೆರೆಯ ಮೇಲೇ ಕೂತವು. ಸೋಡಿಯಂ, ಪೊಟ್ಯಾಸಿಯಂ ಕಂಟ್ರೋಲ್ ಮಾತ್ರ ಮೇಲಕ್ಕೆ ಹಾರಿದ್ದವು, ಅವನ್ನು ಅಳೆಯುವ ಎಲೆಕ್ಟ್ರೋಡ್ ಹಳತಾಗಿದೆ ಎಂದುಕೊಂಡೆ. ಸಂಜೆಯಿಂದಲೇ ವರದಿ ಕೊಡುವ ಅವಸರದಲ್ಲಿದ್ದೆ. ಸಾಗರದ ಲ್ಯಾಬಿನ ಮೇಡಂ ಬಿಡಲಿಲ್ಲ. "ಇಪ್ಪತ್ತು ಸ್ಯಾಂಪಲ್ ಇಬ್ಬರೂ ಮಾಡೋಣ, ಆಮೇಲೆ ಬಾಗಿಲು ತೆರೆಯಿರಿ" ಎಂದರು. ಮಾಡಿದೆವು. ನಮ್ಮ ಯೂರಿಯಾ, ಗ್ಲೂಕೋಸ್, ಕ್ಯಾಲ್ಸಿಯಂ, ಎಲ್ಲವೂ ಅವರದಕ್ಕಿಂತ ಸುಮಾರು ಶೇಕಡ 4 ಕಡಿಮೆ. ಸೋಡಿಯಂ, ಪೊಟ್ಯಾಸಿಯಂ ಮಾತ್ರ ಇಬ್ಬರದೂ ಒಂದೇ. ಬೋರ್ಡಿನ ತಪ್ಪು ಎಂದು ನಾನು ಎಂಜಿನಿಯರ್ ಮೇಲೆ ಹರಿಹಾಯ್ದೆ. (ಕ್ಷಮಿಸಿ ಎಂದು ಅವರಿಗೂ ಹೇಳಿದ್ದೇನೆ.)

ಮೇಡಂ ಫೋನಿನಲ್ಲೇ ಎರಡು ನಿಮಿಷ ಸುಮ್ಮನಿದ್ದು, "ನಿಮ್ಮ ಕ್ಯಾಲಿಬ್ರೇಟರ್ ಪುಡಿಗೆ ನೀರು ಕಡಿಮೆ ಬಿದ್ದಿದೆ. ಕಂಟ್ರೋಲ್ ಪುಡಿಗೂ ಅದೇ ಪಿಪೆಟ್‌ನಲ್ಲಿ ಹಾಕಿದ್ದೀರಿ, ಅಲ್ಲವೇ?" ಎಂದರು. ಹೌದು. ನೀರು ಅಳೆದು ಬಿಡುವ ಪಿಪೆಟ್ ಎರಡಕ್ಕೂ ಒಂದೇ, ಎರಡೂ ಒಂದೇ ಪ್ರಮಾಣದಲ್ಲಿ ಗಟ್ಟಿಯಾದದ್ದರಿಂದ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕಿತ್ತು. ಸೋಡಿಯಂ, ಪೊಟ್ಯಾಸಿಯಂಗೆ ಮಾತ್ರ ಕ್ಯಾಲಿಬ್ರೇಟರ್ ಕಂಪನಿಯೇ ಕೊಡುವ ತಯಾರು ದ್ರಾವಣ. ಅದಕ್ಕೇ ರೋಗಿಗಳ ಸ್ಯಾಂಪಲ್‌ನಲ್ಲಿ ಅವೆರಡೂ ಸರಿ ಬಂದಿದ್ದವು, ಗಟ್ಟಿಯಾದ ಕಂಟ್ರೋಲ್ ಮಾತ್ರ ಮೇಲಕ್ಕೆ ಹಾರಿತ್ತು. ಸುಳಿವು ಕಣ್ಣೆದುರಿಗೇ ಇತ್ತು, ನಾನು ಎಲೆಕ್ಟ್ರೋಡನ್ನು ಬಯ್ಯುತ್ತಿದ್ದೆ.

ಪಿಪೆಟ್ ಪರೀಕ್ಷಿಸಲು ನಮ್ಮಲ್ಲಿ ಅಷ್ಟು ಸೂಕ್ಷ್ಮ ತಕ್ಕಡಿ ಇಲ್ಲ. ರಸ್ತೆಯಾಚೆಯ ಚಿನ್ನದಂಗಡಿಗೆ ಹೋದೆವು. ಒಂದು ಮಿಲಿಲೀಟರ್ ನೀರೆಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಐದು ಸಲ ಬಿಟ್ಟರೆ ಐದು ಗ್ರಾಂ ತೂಗಬೇಕಾದದ್ದು 4.8 ತೂಗಿತು. ಮತ್ತೆ ಬಿಟ್ಟೆವು, ಮತ್ತೆ ಅಷ್ಟೇ. ಕರೆಂಟ್ ಹೋದ ರಾತ್ರಿಯ ಗಡಿಬಿಡಿಯಲ್ಲಿ ಆ ಪಿಪೆಟ್ ನೆಲಕ್ಕೆ ಬಿದ್ದಿತ್ತೆಂದು ಹುಡುಗನಿಗೆ ಆಗ ನೆನಪಾಯಿತು. ಗಾಜಿನ ಪಿಪೆಟ್ ಒಡೆದು ಆಗಲೇ ತಿಂಗಳಾಗಿತ್ತು, ಅದೂ ನನ್ನ ಲೆಕ್ಕಕ್ಕೇ. ಅಂಗಡಿಯ ಯಜಮಾನರು ನೀರು ತೂಗುವುದನ್ನು ನೋಡಿ, "ನಲವತ್ತು ವರ್ಷದಲ್ಲಿ ಇಷ್ಟು ಅಗ್ಗದ ಮಾಲು ಇದರ ಮೇಲೆ ಕೂತಿರಲಿಲ್ಲ" ಎಂದು ನಕ್ಕರು. ಮಾನ್ಯತೆ ಕೊಡುವ ಪರಿಶೀಲಕರು ಚಿನ್ನದ ತಕ್ಕಡಿಯನ್ನು ಒಪ್ಪುವುದಿಲ್ಲ, ನನಗೂ ಗೊತ್ತು. ಆ ಪಿಪೆಟನ್ನು ಅಂದೇ ಬದಿಗಿಟ್ಟು, ಸಾಗರದಿಂದ ಬಂದ ಗಾಜಿನ ಪಿಪೆಟ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿ, ಮತ್ತೆ ಇಪ್ಪತ್ತು ಸ್ಯಾಂಪಲ್ ಹೋಲಿಸಿದ ಮೇಲೆಯೇ ಬಾಗಿಲು ತೆರೆದದ್ದು. ತಪ್ಪು ಲೆಕ್ಕದ ಒಂದು ವರದಿಯೂ ಹೊರಗೆ ಹೋಗಲಿಲ್ಲ. ಮೇಡಂ, ಇಲ್ಲಿ ಬರೆದದ್ದೆಲ್ಲ ಒಂದು ತೂಕ, ಅಂದು ಸಂಜೆ ನೀವು ನನ್ನನ್ನು ತಡೆದದ್ದೇ ಒಂದು ತೂಕ.

ಹಣದ ಮಾತು. ಕೊಪ್ಪದವರು ರೀಏಜೆಂಟಿನ, ಅಂದರೆ ಪರೀಕ್ಷೆಯ ರಾಸಾಯನಿಕದ, ಖರ್ಚು ಮಾತ್ರ ತೆಗೆದುಕೊಂಡರು. ಶಿವಮೊಗ್ಗದವರು ಬಿಲ್ ಕಳಿಸಿಯೇ ಇಲ್ಲ, ಕೇಳಿದಾಗಲೆಲ್ಲ "ಕಳಿಸೋಣ" ಎನ್ನುತ್ತಾರೆ. ಪರೀಕ್ಷೆ ಎಲ್ಲಿ ನಡೆಯಿತೋ ಆ ಲ್ಯಾಬಿನ ಹೆಸರನ್ನು ವರದಿಯಲ್ಲಿ ಹಾಕಲೇಬೇಕು ಎಂದಾಗ ನಮ್ಮ ಆಡಳಿತದವರು ಮೊದಲು ಮುಖ ಸಣ್ಣ ಮಾಡಿದರೂ ಒಪ್ಪಿದರು, ಅವರಿಗೂ ಕೃತಜ್ಞತೆ. ನಮ್ಮ ಅಡುಗೆಮನೆಯ ಅಕ್ಕ ಒಂದು ದಿನ ಶಿವಮೊಗ್ಗದವರಿಗೆಂದು ಪತ್ರೊಡೆ ಮಾಡಿಕೊಟ್ಟರು. ಅದು ಪ್ರತ್ಯೇಕ ಚೀಲದಲ್ಲಿ ಹೋಯಿತು, ಸ್ಯಾಂಪಲ್ ಪೆಟ್ಟಿಗೆಯಲ್ಲಲ್ಲ. ಇದನ್ನು ಬರೆಯದಿದ್ದರೆ ನಿಮ್ಮಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತೀರಿ.

ಮೊನ್ನೆಯ ಸಭೆಗೆ ಬರಲಾಗದವರಿಗಾಗಿ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಇನ್ನು ಮುಂದೆ ಪ್ರತಿ ಲ್ಯಾಬಿಗೂ ಇಬ್ಬರು ನೆರೆಯವರು, ಬರಹದಲ್ಲಿ, ಫೋನ್ ನಂಬರು ಮತ್ತು ಬಸ್ಸಿನ ಸಮಯದ ಸಮೇತ. ಮೂರು ತಿಂಗಳಿಗೊಮ್ಮೆ ನಾಲ್ಕು ಸ್ಯಾಂಪಲ್ ಅದಲುಬದಲು ಮಾಡಿ ಹೋಲಿಸಬೇಕು. ವೆಲ್ಲೂರಿನಿಂದ ಬರುವ ಬಾಹ್ಯ ಗುಣಮಟ್ಟ ಪರೀಕ್ಷೆಯ ಸ್ಯಾಂಪಲ್ ಅದರ ಪಾಡಿಗೆ ಅದು ಇರುತ್ತದೆ, ಇದು ನೆರೆಹೊರೆಯ ಲೆಕ್ಕ. ಸಭೆಯ ಮೊದಲ ಒಂದು ಗಂಟೆ ಯಾವ ಕಂಪನಿಗೂ ಇಲ್ಲ. ಆ ಅವಧಿಯಲ್ಲಿ ಒಬ್ಬರು ತಮ್ಮ ಲ್ಯಾಬಿನಲ್ಲಾದ ಒಂದು ತಪ್ಪನ್ನು ಹೇಳಬೇಕು. ಮೊದಲ ಸರದಿ ನನ್ನದು. ಪಿಪೆಟಿನ ಕತೆ ಇಲ್ಲೇ ಖರ್ಚಾಗಿಹೋಯಿತು. ಪರವಾಗಿಲ್ಲ, ದಾಸ್ತಾನು ಬೇಕಾದಷ್ಟಿದೆ. ಜೊತೆಗೆ ನನ್ನನ್ನು ಸಹಕಾರ್ಯದರ್ಶಿ ಮಾಡಿದ್ದೀರಿ. ಮೂರು ಸಭೆಯ ಹಾಜರಿಗೆ ಇದು ಶಿಕ್ಷೆಯೆಂದೇ ತಿಳಿದುಕೊಂಡು ಒಪ್ಪಿದ್ದೇನೆ.

ಮುಂದಿನ ಸಭೆ ತೀರ್ಥಹಳ್ಳಿಯಲ್ಲಿ, ನಮ್ಮಲ್ಲೇ. ಕಾಫಿ ಇರುತ್ತದೆ, ಮಿಕ್ಸ್ಚರ್ ಕೂಡ. ಬರುವಾಗ ನಿಮ್ಮ ನಿಮ್ಮ ಪಿಪೆಟ್ ತನ್ನಿ. ಭಾನುವಾರ ಚಿನ್ನದಂಗಡಿಗೆ ರಜೆ, ಆದರೂ ಹತ್ತು ಗಂಟೆಗೆ ಬಾಗಿಲು ತೆರೆದಿರುತ್ತೇನೆಂದು ಯಜಮಾನರು ಹೇಳಿದ್ದಾರೆ.